ಮೇಬ್ರಿಕ್ ಡೈರಿ: ಶಾಯಿ ಹಳೆಯದಾದರೆ ಬರಹವೂ ಹಳೆಯದೇ?

ಹಳೇಕಡತ ಕೇಳಿದ್ದು:

1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಸುತ್ತಮುತ್ತ ಹೆಂಗಸರನ್ನು ಕೊಂದು ಕೊನೆಗೂ ಸಿಕ್ಕಿಬೀಳದ ‘ಜಾಕ್ ದ ರಿಪ್ಪರ್’ ಲಿವರ್‌ಪೂಲ್‌ನ ಹತ್ತಿ ವ್ಯಾಪಾರಿ ಜೇಮ್ಸ್ ಮೇಬ್ರಿಕ್‌ನೇ ಎನ್ನುವ ವಾದ ನಿಂತಿರುವುದು ಎರಡೇ ವಸ್ತುಗಳ ಮೇಲೆ. 1992ರಲ್ಲಿ ಹೊರಬಂದ, 63 ಪುಟ ಬರಹವಿರುವ ಡೈರಿ ಒಂದು. 1993ರಲ್ಲಿ ಹೊರಬಂದ ಚಿನ್ನದ ಜೇಬುಗಡಿಯಾರ ಇನ್ನೊಂದು. ಇವೆರಡನ್ನೂ ಪಕ್ಕಕ್ಕಿಟ್ಟರೆ ಅವನನ್ನು ವೈಟ್‌ಚಾಪೆಲ್‌ಗೆ ಕಟ್ಟಿಹಾಕುವ ಒಂದು ಎಳೆಯೂ ಸಿಗುವುದಿಲ್ಲ. 1888ರಲ್ಲಿ ಅವನನ್ನು ಯಾರೂ ಶಂಕಿಸಿದ್ದಿಲ್ಲ. 1894ರಲ್ಲಿ ಲಂಡನ್ನಿನ ಪೊಲೀಸ್ ಅಧಿಕಾರಿ ಮೆಲ್ವಿಲ್ ಮ್ಯಾಕ್ನಾಟನ್ ಬರೆದ ಟಿಪ್ಪಣಿಯಲ್ಲಿ ಶಂಕಿತರೆಂದು ಇರುವುದು ಡ್ರೂಯಿಟ್, ಕಾಸ್ಮಿನ್ಸ್ಕಿ, ಆಸ್ಟ್ರಾಗ್ ಎಂಬ ಮೂರು ಹೆಸರು ಮಾತ್ರ.

ನನ್ನನ್ನು ಕಾಡುತ್ತಿರುವುದು ಡೈರಿಯ ಪರೀಕ್ಷೆಗಳು. ಶಾಯಿಯಲ್ಲಿ ನಿಗ್ರೊಸಿನ್ ಎಂಬ ಕೃತಕ ಬಣ್ಣ ಸಿಕ್ಕಿದೆ, ಆದ್ದರಿಂದ ಅದು ಹೊಸದು ಎಂದು ಒಬ್ಬರು ಹೇಳುತ್ತಾರೆ. ನಿಗ್ರೊಸಿನ್ 1867ರಲ್ಲೇ ಬಂದಿತ್ತು, ಆದ್ದರಿಂದ ಅದು ಹಳೆಯದೂ ಇರಬಹುದು ಎಂದು ಮತ್ತೊಬ್ಬರು ಹೇಳುತ್ತಾರೆ. ಶಾಯಿ ಕೆಡದಂತೆ ಬೆರೆಸುವ ಸಂರಕ್ಷಕವೊಂದು ಒಂದು ಪ್ರಯೋಗಾಲಯಕ್ಕೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಇಷ್ಟೆಲ್ಲ ಗೊಂದಲವಿದ್ದೂ ಬಹುತೇಕ ಸಂಶೋಧಕರು ಇದನ್ನು ಖೋಟಾ ಎಂದು ಖಚಿತವಾಗಿ ಹೇಳುವುದು ಯಾವ ಬಲದ ಮೇಲೆ? ಗಡಿಯಾರದ ಗೀರುಗಳು ಹಳೆಯವು ಎಂದು ಇಬ್ಬರು ಲೋಹತಜ್ಞರು ಹೇಳಿದ್ದಾರಲ್ಲ, ಅದನ್ನು ಎಲ್ಲಿಡುವುದು? ಅಭಿಪ್ರಾಯ ಬೇಡ, ಪರೀಕ್ಷೆ ಹೇಗೆ ನಡೆಯಿತು, ಎಲ್ಲಿ ಸೋತಿತು ಎಂಬ ವಿವರ ಬೇಕು.

---

ಮಸಿಕುಡಿಕೆ ಉತ್ತರಿಸಿದ್ದು:

ಶಾಯಿಯ ಪರೀಕ್ಷೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಶಾಯಿಯೊಳಗೆ ಏನಿದೆ ಎಂಬುದು ಮೊದಲನೆಯದು. ಅದು ಕಾಗದದ ಮೇಲೆ ಬಿದ್ದದ್ದು ಯಾವಾಗ ಎಂಬುದು ಎರಡನೆಯದು. ಮೊದಲನೆಯದಕ್ಕೆ ಒಳ್ಳೆಯ ವಿಧಾನಗಳಿವೆ. ಎರಡನೆಯದಕ್ಕೆ ಭರವಸೆ ಇಡುವಂಥದ್ದು ತೀರಾ ಕಡಿಮೆ. ಮೇಬ್ರಿಕ್ ಡೈರಿಯ ಜಗಳವೆಲ್ಲ ಇವೆರಡನ್ನು ಒಂದೇ ಎಂದುಕೊಂಡದ್ದರಿಂದ ಹುಟ್ಟಿದ್ದು.

ಆ ಕಾಲದ ಕಚೇರಿಗಳ ಸಾಮಾನ್ಯ ಶಾಯಿ ಕಬ್ಬಿಣ-ಟ್ಯಾನಿನ್ ಶಾಯಿ. ಮಾಚಿಕಾಯಿಯ ಟ್ಯಾನಿನ್‌ಗೆ ಫೆರಸ್ ಸಲ್ಫೇಟ್ ಸೇರಿಸಿ ಮಾಡುತ್ತಿದ್ದರು. ಬರೆದಾಗ ಮಾಸಲಾಗಿರುತ್ತದೆ, ಗಾಳಿ ತಾಕಿ ಕಪ್ಪಾಗುತ್ತದೆ, ದಶಕಗಳು ಕಳೆದ ಮೇಲೆ ಕಂದು ತಿರುಗುತ್ತದೆ. ಜೊತೆಗೆ ಕಾಗದದ ನಾರಿನೊಳಗೆ ಇಳಿದು ಕೂರುತ್ತದೆ, ನೀರಿನಲ್ಲಿ ಸುಲಭವಾಗಿ ಬಿಡುವುದಿಲ್ಲ. 1992ರಲ್ಲಿ ದಾಖಲೆತಜ್ಞ ಡೇವಿಡ್ ಬ್ಯಾಕ್ಸೆಂಡೇಲ್ ಪರೀಕ್ಷಿಸಿದಾಗ ಡೈರಿಯ ಶಾಯಿ ದ್ರಾವಕದಲ್ಲಿ ಸಲೀಸಾಗಿ ಕರಗಿತು. ಕಬ್ಬಿಣ ಕಾಣಲಿಲ್ಲ, ನಿಗ್ರೊಸಿನ್ ಕಂಡಿತು. ಅವರ ವರದಿಯಲ್ಲಿ ಜನ ಹಿಡಿದುಕೊಂಡದ್ದು ನಿಗ್ರೊಸಿನ್ ಮಾತನ್ನು. ಆ ಮಾತು ದುರ್ಬಲ, ಏಕೆಂದರೆ ನೀವು ಹೇಳಿದಂತೆ ಆ ಬಣ್ಣ ಮೇಬ್ರಿಕ್ ಬದುಕಿದ್ದಾಗಲೇ ಇತ್ತು. ತೂಕವಿರುವುದು ಕರಗುವಿಕೆಗೆ. ಕಾಗದದ ಮೇಲೆ ನೂರು ವರ್ಷ ಕೂತ ಶಾಯಿ ಅಷ್ಟು ಬೇಗ ಕೈಬಿಡುವುದು ಸಹಜವಲ್ಲ. ಆದರೂ ಇದೊಂದರಿಂದಲೇ ತೀರ್ಪು ಕೊಡಲಾಗದು. ಕಾಗದದ ಅಂಟುಲೇಪ, ತೇವ, ಬೆಳಕು ಎಲ್ಲವೂ ಕರಗುವ ವೇಗವನ್ನು ಬದಲಿಸುತ್ತವೆ.

ಇನ್ನು ಸಂರಕ್ಷಕ. ಡೈರಿಯನ್ನು ಹೊರತಂದ ಮೈಕೆಲ್ ಬ್ಯಾರೆಟ್ ಒಂದು ಹಂತದಲ್ಲಿ, ಲಿವರ್‌ಪೂಲ್‌ನಲ್ಲಿ ಕೊಂಡ ಡಯಮೈನ್ ಶಾಯಿಯಿಂದ ಅದನ್ನು ತಯಾರಿಸಿದ್ದು ಎಂದು ಹೇಳಿದ. ಆ ಶಾಯಿ ಕೆಡದಂತೆ ಕ್ಲೋರೊಅಸಿಟಮೈಡ್ ಸೇರಿಸುತ್ತಿದ್ದರು. 1994ರಲ್ಲಿ ಒಂದು ಪ್ರಯೋಗಾಲಯ ಪುಟದಿಂದ ಕೆರೆದು ತೆಗೆದ ಕೆಲವೇ ಚುಕ್ಕೆ ಶಾಯಿಯಲ್ಲಿ ಅದನ್ನು ಪತ್ತೆಹಚ್ಚಿತು. ಅದೇ ವರ್ಷ ಲೀಡ್ಸ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅದು ಸಿಗಲಿಲ್ಲ. ಡಯಮೈನ್ ಸಂಸ್ಥೆಯ ರಸಾಯನತಜ್ಞರೇ ಪುಟಗಳನ್ನು ಕಣ್ಣಾರೆ ನೋಡಿ, ಇದು ತಮ್ಮ ಶಾಯಿಯಂತೆ ಕಾಣುತ್ತಿಲ್ಲ ಎಂದರು. ಇಷ್ಟು ಸಣ್ಣ ಮಾದರಿಯಲ್ಲಿ ಪಾತ್ರೆಗೆ ಅಂಟಿದ ಕೊಳೆಯೂ ಫಲಿತಾಂಶವನ್ನು ಕೆಡಿಸಬಲ್ಲದು. ಹಾಗಾಗಿ ಎರಡೂ ಫಲಿತಾಂಶಗಳನ್ನು ನಾನು ಬದಿಗಿಡುತ್ತೇನೆ.

ಅಯಾನುಗಳ ಚಲನೆ ಅಳೆಯುವ ವಿಧಾನವೊಂದು ಶಾಯಿಯ ವಯಸ್ಸನ್ನು 1921, ಹೆಚ್ಚುಕಡಿಮೆ 12 ವರ್ಷ ಎಂದು ಕೊಟ್ಟಿತು. ಶಾಯಿಯಲ್ಲಿನ ಲೋಹದ ಅಯಾನುಗಳು ಕಾಗದದ ನಾರಿನುದ್ದಕ್ಕೂ ನಿಧಾನವಾಗಿ ಸರಿಯುತ್ತವೆ, ಸರಿದ ದೂರದಿಂದ ಕಾಲ ಲೆಕ್ಕ ಹಾಕಬಹುದು ಎಂಬುದು ಅದರ ತತ್ವ. ತೊಡಕೆಂದರೆ, ಆ ವೇಗ ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ. ಅದೇ ಪುಸ್ತಕದ ಅದೇ ಕಾಗದದ ಮೇಲೆ, ಕಾಲ ಗೊತ್ತಿರುವ ಬರಹ ಒಂದಿದ್ದರೆ ಹೋಲಿಸಬಹುದಿತ್ತು. ಇಲ್ಲಿ ಅಂಥದ್ದಿಲ್ಲ. ಹೇಗೂ 1921 ಎಂದು ಒಪ್ಪಿಕೊಂಡರೂ ಮೇಬ್ರಿಕ್‌ಗೆ ಉಪಯೋಗವಿಲ್ಲ. ಅವನು ಸತ್ತದ್ದು 1889ರ ಮೇ 11ರಂದು.

1983ರ ಹಿಟ್ಲರ್ ಡೈರಿಗಳ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಕಾಗದವೇ ಮೋಸಗಾರನನ್ನು ಹಿಡಿದುಕೊಟ್ಟಿತು. ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದ ಬಿಳುಪುಕಾರಕ ಅದರಲ್ಲಿತ್ತು, ಅತಿನೇರಳೆ ಬೆಳಕಿನಲ್ಲಿ ಹೊಳೆಯಿತು. ಇಲ್ಲಿ ಕಾಗದ ನಿಜಕ್ಕೂ ಹಳೆಯದು. ಹಳೆಯ ಪುಸ್ತಕದ ಖಾಲಿ ಪುಟ ಸಿಕ್ಕರೆ ಕಾಗದದ ಪರೀಕ್ಷೆಯನ್ನು ಯಾರು ಬೇಕಾದರೂ ಪಾಸು ಮಾಡಬಹುದು.

ಆ ಪುಸ್ತಕವನ್ನೇ ಹತ್ತಿರದಿಂದ ನೋಡಬೇಕು. ಅದು ದಿನಚರಿ ಪುಸ್ತಕವಲ್ಲ, ಚಿತ್ರ ಅಂಟಿಸುವ ಆಲ್ಬಂ. ಮುಂಭಾಗದ ಹತ್ತಾರು ಹಾಳೆಗಳನ್ನು ಚಾಕುವಿನಿಂದ ಕೊಯ್ದಿದ್ದಾರೆ, ಹೊಲಿಗೆಯ ಹತ್ತಿರ ಬುಡದ ಪಟ್ಟಿಗಳು ಮಾತ್ರ ಉಳಿದಿವೆ. ಏನೋ ಅಂಟಿಸಿದ್ದರ ಗುರುತುಗಳಿವೆ. ಹಣವಂತ ವ್ಯಾಪಾರಿಗೆ ಹೊಸ ನೋಟುಪುಸ್ತಕ ಕೊಳ್ಳುವುದು ದೊಡ್ಡ ಮಾತಲ್ಲ. ಯಾರೋ ಬಳಸಿದ ಆಲ್ಬಂನ ಹಾಳೆ ಕೊಯ್ದು, ಉಳಿದದ್ದರಲ್ಲಿ ಗುಟ್ಟು ಬರೆಯುವ ಅಗತ್ಯ ಅವನಿಗೇನಿತ್ತು? ಹಳೆಯ ಖಾಲಿ ಕಾಗದ ಹುಡುಕುವ, ಖೋಟಾ ಮಾಡುವವನಿಗೆ ಮಾತ್ರ ಅಂಥ ಆಲ್ಬಂ ಅಮೂಲ್ಯ.

---

ಪದಜಾಡು ಉತ್ತರಿಸಿದ್ದು:

ಶಾಯಿಯ ಬಗ್ಗೆ ಮಸಿಕುಡಿಕೆಯವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಈ ಡೈರಿಯನ್ನು ಕೆಡವುವುದು ಶಾಯಿಯಲ್ಲ, ಒಳಗಿನ ಮಾತು. ಮೂರು ಜಾಗ ಸಾಕು.

ಮೊದಲನೆಯದು ಬೆಂಕಿಪೊಟ್ಟಣ. 1888ರ ಸೆಪ್ಟೆಂಬರ್ 30ರಂದು ಮೈಟರ್ ಚೌಕದಲ್ಲಿ ಕೊಲೆಯಾದ ಕ್ಯಾಥರೀನ್ ಎಡೋಸ್ ಬಳಿ ಇದ್ದ ವಸ್ತುಗಳನ್ನು ಪೊಲೀಸರು ಒಂದೊಂದಾಗಿ ಪಟ್ಟಿ ಮಾಡಿದರು. ಮಹಜರು ಪಟ್ಟಿ ಬರೆಯುವವರ ರೂಢಿಯಂತೆ ಅದರಲ್ಲಿ ವಸ್ತುವಿನ ಹೆಸರು ಮೊದಲು, ಅದರ ಸ್ಥಿತಿ ಆಮೇಲೆ: ತಗಡಿನ ಬೆಂಕಿಪೊಟ್ಟಣ, ಖಾಲಿ. ಡೈರಿಯ ಪದ್ಯದ ಸಾಲಿನಲ್ಲಿ ಅದೇ ಮೂರು ನಾಲ್ಕು ಪದ ಅದೇ ಕ್ರಮದಲ್ಲಿ ಬರುತ್ತದೆ, ಖಾಲಿ ಎಂಬ ಮಾತು ಕೊನೆಗೆ. ಕೊಲೆಗಾರನಿಗೆ ಪೊಟ್ಟಣ ಗೊತ್ತಿರಬಹುದು, ಅದು ಖಾಲಿ ಎಂದೂ ಗೊತ್ತಿರಬಹುದು. ಗುಮಾಸ್ತನ ಪದಕ್ರಮ ಅವನಿಗೆ ಹೇಗೆ ಬಂತು? ಆ ಪಟ್ಟಿ ಪುಸ್ತಕಗಳಲ್ಲಿ ಅಚ್ಚಾಗಿ ಸಾಮಾನ್ಯ ಓದುಗರ ಕೈಗೆ ಬಂದದ್ದು 1980ರ ದಶಕದಲ್ಲಿ. ಡೈರಿ ಬೆಳಕಿಗೆ ಬಂದದ್ದು 1992ರಲ್ಲಿ.

ಎರಡನೆಯದು ಮೇರಿ ಜೇನ್ ಕೆಲ್ಲಿ. ನವೆಂಬರ್ 9ರಂದು ಮಿಲ್ಲರ್ಸ್ ಕೋರ್ಟ್‌ನ 13ನೇ ಕೋಣೆಯಲ್ಲಿ ಸಿಕ್ಕ ದೇಹದ ಬಗ್ಗೆ ವೈದ್ಯ ಥಾಮಸ್ ಬಾಂಡ್ ಬರೆದ ವರದಿ ಬಹುಕಾಲ ಕಾಣೆಯಾಗಿತ್ತು, 1987ರಲ್ಲಿ ಮತ್ತೆ ಪೊಲೀಸರ ಕೈಸೇರಿತು. ಅದರ ಪ್ರಕಾರ ಕತ್ತರಿಸಿದ ಸ್ತನಗಳಲ್ಲಿ ಒಂದು ತಲೆಯಡಿ ಇತ್ತು, ಇನ್ನೊಂದು ಬಲಪಾದದ ಬಳಿ ಇತ್ತು. ಮೇಜಿನ ಮೇಲೆ ಇದ್ದದ್ದು ಹೊಟ್ಟೆಯ ಮತ್ತು ತೊಡೆಯ ಮಾಂಸ. ಸ್ತನಗಳೇ ಮೇಜಿನ ಮೇಲಿದ್ದವು ಎಂದು 1888ರ ಪತ್ರಿಕೆಗಳು ತಪ್ಪಾಗಿ ಬರೆದವು, ಆಮೇಲಿನ ಪುಸ್ತಕಗಳು ಆ ತಪ್ಪನ್ನೇ ಹೊತ್ತು ತಂದವು. ಡೈರಿಯೂ ಆ ತಪ್ಪನ್ನೇ ಹೇಳುತ್ತದೆ. ಆ ಕೋಣೆಯಲ್ಲಿ ಬಹಳ ಹೊತ್ತು ಇದ್ದವನು ಪತ್ರಿಕೆಯ ತಪ್ಪನ್ನು ತನ್ನ ನೆನಪಾಗಿ ಬರೆಯುವುದಿಲ್ಲ.

ಮೂರನೆಯದು ಭಾಷೆ. ಒಮ್ಮೆ ಮಾತ್ರ ನಡೆದ ಘಟನೆ ಎನ್ನಲು ಡೈರಿ ‘ಒನ್ ಆಫ್ ಇನ್‌ಸ್ಟೆನ್ಸ್’ ಎನ್ನುತ್ತದೆ. ‘ಒನ್ ಆಫ್’ 20ನೇ ಶತಮಾನದ ಕಾರ್ಖಾನೆಗಳಲ್ಲಿ, ಒಂದೇ ಒಂದು ನಗ ತಯಾರಿಸಬೇಕು ಎಂಬ ಅರ್ಥದಲ್ಲಿ ಹುಟ್ಟಿದ ಮಾತು. ಘಟನೆಗಳಿಗೆ ಅನ್ವಯವಾದದ್ದು ಇನ್ನೂ ತಡವಾಗಿ. ಜೊತೆಗೆ ಡೈರಿ ಹೆಸರಿಸುವ ಪೋಸ್ಟ್ ಹೌಸ್ ಎಂಬ ಪಬ್: ಲಿವರ್‌ಪೂಲ್‌ನ ಕಂಬರ್ಲೆಂಡ್ ಬೀದಿಯ ಪಬ್‌ಗೆ ಆ ಹೆಸರು ಬಂದದ್ದೂ ಮೇಬ್ರಿಕ್ ಸತ್ತು ಬಹಳ ಕಾಲದ ಮೇಲೆ. ಅಂಚೆಗಾಡಿ ನಿಲ್ಲುತ್ತಿದ್ದ ಯಾವುದಾದರೂ ಮನೆಗೆ ಜನ ಹಾಗೆ ಕರೆಯುತ್ತಿದ್ದಿರಬಹುದು ಎಂಬ ಸಮರ್ಥನೆ ಇದೆ. ಅದಕ್ಕೇ ಪಬ್ ವಿಷಯವನ್ನು ನಾನು ಮುಖ್ಯ ಸಾಕ್ಷ್ಯ ಎಂದು ಹಿಡಿಯುವುದಿಲ್ಲ. ಬೆಂಕಿಪೊಟ್ಟಣದ ಸಾಲಿಗೆ ಮಾತ್ರ ಒಪ್ಪುವಂಥ ಸಮಾಧಾನ ಯಾರಿಂದಲೂ ಬಂದಿಲ್ಲ.

---

ಹಳೇಕಡತ:

ಪದಜಾಡು ಅವರೇ, ಬೆಂಕಿಪೊಟ್ಟಣದ ವಾದ ನೇರವಾಗಿದೆ, ಧನ್ಯವಾದ. ಕೈಬರಹದ ಮಾತು ಬರಲಿಲ್ಲ. ಮೇಬ್ರಿಕ್‌ನ ಬೇರೆ ಬರಹ ಉಳಿದಿದೆಯಲ್ಲ? ಡೈರಿ ಹೊಂದುವುದಿಲ್ಲ ಎಂದರೆ, ಮನಸ್ಸು ಕೆಟ್ಟಾಗ ಕೈ ಬದಲಾಗುತ್ತದೆ ಎನ್ನುತ್ತಾರೆ.

---

ಮಸಿಕುಡಿಕೆ:

ಉಳಿದಿದೆ. 1881ರ ಮದುವೆ ದಾಖಲೆಯ ಸಹಿ ಇದೆ, 1889ರ ಏಪ್ರಿಲ್ 25ರ ತಾರೀಖಿನ ಉಯಿಲು ಇದೆ. ಡೈರಿಯ ಕೊನೆಯ ತಾರೀಖು 1889ರ ಮೇ 3. ಎಂಟೇ ದಿನದ ಅಂತರ. ಎರಡೂ ಒಂದೇ ಕೈಯಂತೆ ಕಾಣುವುದಿಲ್ಲ. ಉಯಿಲೇ ಖೋಟಾ ಎಂದು ಡೈರಿಯ ಪರ ವಾದಿಸಿದವರಿದ್ದಾರೆ. ಒಂದು ಕಾಗದವನ್ನು ಉಳಿಸಲು ಇನ್ನೊಂದನ್ನು ಸುಳ್ಳೆನ್ನಬೇಕಾಗಿ ಬಂದರೆ ಆ ದಾರಿ ಸರಿಯಲ್ಲ.

ಮನಸ್ಸು ಕೆಟ್ಟರೆ ಅಕ್ಷರದ ಗಾತ್ರ, ಒತ್ತಡ, ವಾಲು, ವೇಗ ಬದಲಾಗುತ್ತವೆ. ಅಕ್ಷರ ಕಟ್ಟುವ ಪಾಠ ಬದಲಾಗುವುದಿಲ್ಲ. 1840ರ ದಶಕದಲ್ಲಿ ಅಕ್ಷರ ಕಲಿತವನು ಯಾವ ಗೆರೆಯನ್ನು ಎಲ್ಲಿಂದ ಆರಂಭಿಸುತ್ತಾನೆ, ಎಲ್ಲಿ ಲೇಖನಿ ಎತ್ತುತ್ತಾನೆ ಎಂಬುದು ಕೈಗೆ ಅಂಟಿದ ಅಭ್ಯಾಸ. ಅಮೆರಿಕದ ದಾಖಲೆತಜ್ಞ ಕೆನೆತ್ ರೆಂಡೆಲ್ 1993ರಲ್ಲಿ ಪರೀಕ್ಷಿಸಿ, ಅಕ್ಷರಗಳ ರೂಪ ವಿಕ್ಟೋರಿಯಾ ಕಾಲದ್ದಲ್ಲ, 20ನೇ ಶತಮಾನದ್ದು ಎಂದರು. ಅವರ ವರದಿ ಬಂದ ಮೇಲೆ ಅಮೆರಿಕದ ಪ್ರಕಾಶಕರು ಹಿಂದೆ ಸರಿದರು.

ಇನ್ನೊಂದು ತೊಡಕಿದೆ. ಡೈರಿ ಬರೆದವನು ‘ಜಾಕ್ ದ ರಿಪ್ಪರ್’ ಎಂಬ ಹೆಸರು ತನ್ನದೇ ಎಂದು ಹೇಳಿಕೊಳ್ಳುತ್ತಾನೆ. ಆ ಹೆಸರು ಮೊದಲು ಬಂದದ್ದು 1888ರ ಸೆಪ್ಟೆಂಬರ್ 25ರ ತಾರೀಖು ಹೊತ್ತು ಸೆಂಟ್ರಲ್ ನ್ಯೂಸ್ ಏಜೆನ್ಸಿಗೆ ತಲುಪಿದ ಪತ್ರದಲ್ಲಿ. ಹಾಗಾದರೆ ಆ ಪತ್ರದ ಕೈಯೂ ಡೈರಿಯ ಕೈಯೂ ಒಂದಾಗಬೇಕು. ಆಗುವುದಿಲ್ಲ. ಆ ಪತ್ರ ಪತ್ರಕರ್ತನೊಬ್ಬನ ಕೆಲಸ ಎಂದು ಹಿರಿಯ ಪೊಲೀಸ್ ಅಧಿಕಾರಿಗಳೇ ನಂತರ ನಂಬಿದ್ದರು. ಡೈರಿ ಅದನ್ನು ತನ್ನದೆಂದು ಹೇಳಿಕೊಂಡು ತಾನೇ ಸಿಕ್ಕಿಹಾಕಿಕೊಂಡಿದೆ.

---

ದಾಖಲೆದಾರ ಉತ್ತರಿಸಿದ್ದು:

ವಸ್ತು ಎಲ್ಲಿಂದ ಬಂತು ಎಂಬ ಸರಪಳಿಯನ್ನು ತಾರೀಖಿನ ಪ್ರಕಾರ ಜೋಡಿಸದೆ ಈ ವಿಷಯ ಮಾತಾಡಬಾರದು.

1992ರ ಮಾರ್ಚ್ 9ರಂದು ಬ್ಯಾರೆಟ್, ವಿಲಿಯಮ್ಸ್ ಎಂಬ ಹೆಸರು ಹೇಳಿಕೊಂಡು ಲಂಡನ್ನಿನ ಸಾಹಿತ್ಯ ಏಜೆಂಟ್ ಒಬ್ಬರಿಗೆ ಫೋನ್ ಮಾಡುತ್ತಾನೆ, ಜಾಕ್ ದ ರಿಪ್ಪರ್ ಡೈರಿ ತನ್ನಲ್ಲಿದೆ ಎನ್ನುತ್ತಾನೆ. ಅದೇ ತಿಂಗಳು ಹಳೆಯ ಪುಸ್ತಕ ಹುಡುಕಿಕೊಡುವವರ ಮೂಲಕ ಒಂದು ಬೇಡಿಕೆ ಪ್ರಕಟವಾಗುತ್ತದೆ: 1880ರಿಂದ 1890ರೊಳಗಿನ ಡೈರಿ ಬೇಕು, ಬಳಸದ್ದು ಅಥವಾ ಭಾಗಶಃ ಬಳಸಿದ್ದು, ಕನಿಷ್ಠ 20 ಪುಟ ಖಾಲಿ ಇರಲೇಬೇಕು. ಬಂದದ್ದು 1891ರ ಚಿಕ್ಕ ಕೆಂಪು ಡೈರಿ, ಬೆಲೆ 25 ಪೌಂಡ್. 1889ರಲ್ಲಿ ಸತ್ತವನ ಬರಹಕ್ಕೆ ಅದು ಪ್ರಯೋಜನವಿಲ್ಲ. ಏಪ್ರಿಲ್ 13ರಂದು ಬ್ಯಾರೆಟ್ ಲಂಡನ್ನಿಗೆ ಆಲ್ಬಂ ಹಿಡಿದು ಬರುತ್ತಾನೆ.

ಖಾಲಿ ಪುಟಗಳು ಬೇಕೆಂಬ ಆ ಷರತ್ತನ್ನು ಎರಡು ಸಲ ಓದಿ. ವಿಕ್ಟೋರಿಯಾ ಕಾಲದ ಡೈರಿ ಹೇಗಿರುತ್ತದೆ ಎಂದು ತಿಳಿಯಲು ತರಿಸಿದೆ ಎಂಬ ವಿವರಣೆ ಆಮೇಲೆ ಬಂತು. ನೋಡಿ ತಿಳಿಯುವುದಷ್ಟೇ ಆಗಿದ್ದರೆ ಬರೆದು ತುಂಬಿದ ಡೈರಿಯೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಖಾಲಿ ಪುಟದ ಲೆಕ್ಕ ಹಾಕುವವನು ಬರೆಯುವವನು.

ಡೈರಿ ಸಿಕ್ಕ ಕಥೆಗಳೂ ಬದಲಾಗುತ್ತ ಹೋದವು. ಮೊದಲು, ಪಬ್ಬಿನ ಗೆಳೆಯ ಕೊಟ್ಟ ಎಂದು. ಆ ಗೆಳೆಯ 1991ರಲ್ಲೇ ತೀರಿಕೊಂಡಿದ್ದ. 1994ರ ಜೂನ್‌ನಲ್ಲಿ, ನಾನೇ ಖೋಟಾ ಮಾಡಿದೆ ಎಂದು. ಮುಂದಿನ ತಿಂಗಳು ಅವನಿಂದ ಬೇರೆಯಾಗಿದ್ದ ಹೆಂಡತಿ, ಅದು ತನ್ನ ತವರಿನಲ್ಲಿ ಬಹಳ ಕಾಲದಿಂದ ಇತ್ತು ಎಂದು. 1995ರ ಜನವರಿಯ ಅಫಿಡವಿಟ್‌ನಲ್ಲಿ ಬ್ಯಾರೆಟ್, ಹರಾಜಿನಲ್ಲಿ ಆಲ್ಬಂ ಕೊಂಡು ಹೆಂಡತಿಯ ಕೈಯಲ್ಲಿ ಬರೆಸಿದೆ, 11 ದಿನ ಹಿಡಿಯಿತು ಎಂದ. ಆಕೆ ಅದನ್ನು ಒಪ್ಪಲಿಲ್ಲ.

---

ಅಗಸ್ತ್ಯ77 ಉತ್ತರಿಸಿದ್ದು:

ಡೈರಿಯ ಪರವಾಗಿ ಇರುವ ಗಟ್ಟಿಯಾದ ಒಂದು ಅಂಶವನ್ನು ಇಲ್ಲಿ ಯಾರೂ ಹೇಳಿಲ್ಲ. ಮೇಬ್ರಿಕ್ ವಾಸವಿದ್ದ ಮನೆ ಲಿವರ್‌ಪೂಲ್‌ನ ಐಗ್‌ಬರ್ತ್‌ ಬಡಾವಣೆಯ ರಿವರ್ಸ್‌ಡೇಲ್ ರಸ್ತೆಯ ಬ್ಯಾಟಲ್‌ಕ್ರೀಸ್ ಹೌಸ್. ವಿದ್ಯುತ್ ಕೆಲಸದವರ ಹಾಜರಿ ಚೀಟಿಗಳ ಪ್ರಕಾರ ಆ ಮನೆಯ ಮಹಡಿಯಲ್ಲಿ ನೆಲದ ಹಲಗೆ ಎತ್ತಿ ಹೀಟರ್ ಕೆಲಸ ನಡೆದದ್ದು 1992ರ ಮಾರ್ಚ್ 9ರಂದು. ಬ್ಯಾರೆಟ್ ಫೋನ್ ಮಾಡಿದ್ದೂ ಅದೇ ದಿನ. ಕೆಲಸದವರಲ್ಲಿ ಒಬ್ಬರು ಬ್ಯಾರೆಟ್ ಹೋಗುತ್ತಿದ್ದ ಸ್ಯಾಡಲ್ ಪಬ್ಬಿಗೇ ಹೋಗುತ್ತಿದ್ದರು. ಇದು ಕಾಕತಾಳೀಯ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಅಫಿಡವಿಟ್‌ನ ಕಾಲಗಣನೆಯೂ ಸರಿಯಿಲ್ಲ. ಅದರಲ್ಲಿ ಎಲ್ಲವೂ 1990ರ ಸುಮಾರಿಗೆ ನಡೆಯಿತು ಎಂದಿದೆ, ಡೈರಿ ತರಿಸಿದ ದಾಖಲೆ 1992ರದ್ದು. ಹರಾಜಿನ ಚೀಟಿ ಯಾರೂ ನೋಡಿಲ್ಲ.

---

ದಾಖಲೆದಾರ:

ಅಗಸ್ತ್ಯ ಅವರೇ, ಒಳ್ಳೆಯ ತಕರಾರು. ಅಫಿಡವಿಟ್ ಬಗ್ಗೆ ನಿಮ್ಮದು ಸರಿ. ಬ್ಯಾರೆಟ್‌ನ ಯಾವ ಹೇಳಿಕೆಯನ್ನೂ, ಒಪ್ಪಿಗೆಯನ್ನೂ ಸೇರಿಸಿ, ಒಂಟಿಯಾಗಿ ನಂಬಬಾರದು. ನಾನು ಆಧರಿಸುವುದು ಅವನ ಬಾಯಿಮಾತನ್ನಲ್ಲ. 1992ರ ಮಾರ್ಚ್‌ನ ಬೇಡಿಕೆ ಮತ್ತು 25 ಪೌಂಡಿನ ಪಾವತಿ ಬೇರೆಯವರ ಕಾಗದದಲ್ಲಿ ದಾಖಲಾದವು.

ಹಾಜರಿ ಚೀಟಿ ಹೇಳುವುದು ಆ ದಿನ ಹಲಗೆ ಎತ್ತಿದರು ಎಂದು. ಅದರಡಿ ಪುಸ್ತಕ ಸಿಕ್ಕಿತು ಎಂದು ಅದರಲ್ಲಿಲ್ಲ. ಬೆಳಗ್ಗೆ ಸಿಕ್ಕ ವಸ್ತು ಅದೇ ದಿನ ಪಬ್ ತಲುಪಿ, ಕೈ ಬದಲಾಗಿ, ಅದನ್ನು ಓದಿ, ಏನೆಂದು ಅರ್ಥಮಾಡಿಕೊಂಡು, ಏಜೆಂಟ್ ಕಚೇರಿ ಮುಚ್ಚುವ ಮೊದಲು ಫೋನ್ ಆಗಬೇಕು. ಅಸಾಧ್ಯವೆನ್ನಲಾರೆ, ತೀರಾ ಇಕ್ಕಟ್ಟು. ಅಲ್ಲದೆ ಪುಸ್ತಕ ಕೈಯಲ್ಲಿದ್ದವನು ಆಮೇಲೆ ಖಾಲಿ ಪುಟಗಳ ಡೈರಿ ಹುಡುಕಿದ್ದೇಕೆ ಎಂಬ ಪ್ರಶ್ನೆ ಹಾಗೇ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಡೈರಿ ಹಲಗೆಯಡಿಯೇ ಸಿಕ್ಕಿತೆಂದರೂ ಪದಜಾಡು ಅವರು ತೋರಿಸಿದ ಬೆಂಕಿಪೊಟ್ಟಣದ ಸಾಲು ಅದರೊಳಗೇ ಇರುತ್ತದೆ.

---

ಲೋಹಗೀರು ಉತ್ತರಿಸಿದ್ದು:

ಗಡಿಯಾರದ ಬಗ್ಗೆ. ವೆರಿಟಿ ಎಂಬ ಗಡಿಯಾರ ತಯಾರಕರ ಹೆಸರಿರುವ, 1840ರ ದಶಕದ ಚಿನ್ನದ ಜೇಬುಗಡಿಯಾರ. ಹಿಂಬದಿಯ ಒಳಮುಚ್ಚಳದಲ್ಲಿ ‘ಜೆ. ಮೇಬ್ರಿಕ್’ ಎಂಬ ಸಹಿ, ‘ನಾನೇ ಜಾಕ್’ ಎಂಬರ್ಥದ ಮಾತು, ಕೊಲೆಯಾದ ಐವರ ಹೆಸರುಗಳ ಮೊದಲಕ್ಷರ. ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಬೆಳಕನ್ನು ಓರೆಯಾಗಿ ಬಿಡಬೇಕು. ಇದು ಬೆಳಕಿಗೆ ಬಂದದ್ದು 1993ರಲ್ಲಿ, ಡೈರಿ ಮತ್ತು ಮೇಬ್ರಿಕ್ ಹೆಸರು ಪತ್ರಿಕೆಯಲ್ಲಿ ಬಂದ ಕೆಲವೇ ವಾರಗಳ ಮೇಲೆ. ಆ ಕ್ರಮ ಮರೆಯಬೇಡಿ.

1993ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸ್ಟೀಫನ್ ಟರ್ಗೂಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಗೀರುಗಳ ಮೇಲುಕೆಳಗಿನ ಕ್ರಮ ನೋಡಿದರು. ಎರಡು ಗೀರು ಒಂದನ್ನೊಂದು ದಾಟುವಲ್ಲಿ, ಆಮೇಲೆ ಬಿದ್ದದ್ದು ಮೊದಲಿನದರ ಅಂಚನ್ನು ಕತ್ತರಿಸಿರುತ್ತದೆ. ಅಕ್ಷರಗಳ ಮೇಲೆ ಇತರ ಸಣ್ಣಪುಟ್ಟ ಗೀರುಗಳು ಬಿದ್ದಿದ್ದವು, ಅಂದರೆ ಅಕ್ಷರಗಳೇ ಮೊದಲು. ಅಂಚುಗಳೂ ಸವೆದಿದ್ದವು. 1994ರಲ್ಲಿ ಬ್ರಿಸ್ಟಲ್‌ನಲ್ಲಿ ರಾಬರ್ಟ್ ವೈಲ್ಡ್, ಗೀರಿನ ತಳದಲ್ಲಿ ಸಿಕ್ಕಿಕೊಂಡಿದ್ದ ಹಿತ್ತಾಳೆಯ ಕಣಗಳನ್ನು ನೋಡಿದರು. ಅವು ಗೀರಿದ ಉಪಕರಣದ ತುಣುಕುಗಳಿರಬೇಕು. ಕಣಗಳ ಮೇಲ್ಮೈ ಸವೆದು ಮಾಸಿತ್ತು, ಹಾಗಾಗಿ ಗೀರುಗಳಿಗೆ ಹಲವು ದಶಕಗಳಾದರೂ ಆಗಿರಬೇಕು ಎಂಬ ಅಭಿಪ್ರಾಯ ಕೊಟ್ಟರು.

ಜನ ಬಿಟ್ಟುಬಿಡುವುದು ಈ ಇಬ್ಬರೂ ಹಾಕಿದ ಎಚ್ಚರಿಕೆಯನ್ನು. ಇತ್ತೀಚೆಗೆ ಗೀರಿ, ಬೇರೆ ಬೇರೆ ಉಪಕರಣ ಬಳಸಿ, ಮೇಲೆ ಉಜ್ಜಿ ಹಳೆಯದಾಗಿ ಕಾಣಿಸುವ ಸಾಧ್ಯತೆಯನ್ನು ಟರ್ಗೂಸ್ ಅಲ್ಲಗಳೆಯಲಿಲ್ಲ, ಅದಕ್ಕೆ ಸಾಕಷ್ಟು ಕುಶಲತೆ ಬೇಕು ಎಂದರು. ಹಳೆಯ ಹಿತ್ತಾಳೆ ಉಪಕರಣದಲ್ಲಿ ಗೀರಿದರೆ ತಳದಲ್ಲಿ ಉಳಿಯುವ ಕಣ ಮೊದಲೇ ಮಾಸಿದ್ದಿರಬಹುದು. ಚಿನ್ನ ತಾನಾಗಿ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಗೀರಿನ ಗೋಡೆ ತನ್ನ ವಯಸ್ಸು ಹೇಳುವುದಿಲ್ಲ. ವಯಸ್ಸು ಹೇಳಬೇಕಾದದ್ದು ಆ ಕೆಲವು ಕಣಗಳೇ, ಮತ್ತು ಅಷ್ಟು ಕಡಿಮೆ ಮಾದರಿಯ ಮೇಲೆ ಹೇಳಿದ ಮಾತನ್ನು ಅದರ ಮಿತಿಯೊಳಗೇ ಓದಬೇಕು. ಆದರೂ ಗಡಿಯಾರ ಡೈರಿಗಿಂತ ಕಠಿಣ ಪ್ರಶ್ನೆ ಎಂಬುದನ್ನು ಒಪ್ಪುತ್ತೇನೆ.

ಮೊದಲಕ್ಷರಗಳ ವಿಷಯಕ್ಕೆ ಬಂದರೆ, ಐವರು ಎಂಬ ಲೆಕ್ಕ ಗಟ್ಟಿಯಾದದ್ದು ಮ್ಯಾಕ್ನಾಟನ್ ಟಿಪ್ಪಣಿಯಿಂದ. 1888-89ರಲ್ಲಿ ಪತ್ರಿಕೆಗಳು ಮಾರ್ಥಾ ಟೇಬ್ರಮ್, ಎಮ್ಮಾ ಸ್ಮಿತ್ ಅವರನ್ನೂ ಇದೇ ಸರಣಿಗೆ ಸೇರಿಸಿ ಬರೆಯುತ್ತಿದ್ದವು. ಸರಿಯಾಗಿ ಈಗಿನ ಪುಸ್ತಕಗಳ ಐದೇ ಹೆಸರು ಗಡಿಯಾರದಲ್ಲಿವೆ. ಅವರು ಮೇರಿ ಆನ್ ನಿಕೋಲ್ಸ್, ಆನಿ ಚಾಪ್ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್, ಮೇರಿ ಜೇನ್ ಕೆಲ್ಲಿ. ಅಕ್ಷರಗಳಾಗಿ ಅಲ್ಲ, ಪೂರ್ತಿ ಹೆಸರಾಗಿಯೇ ಬರೆಯಬೇಕಾದವರು.

---

ಪಾಷಾಣಶಾಸ್ತ್ರ ಉತ್ತರಿಸಿದ್ದು:

ಡೈರಿ ಕಟ್ಟಿಕೊಡುವ, ಆರ್ಸೆನಿಕ್ ಎಂಬ ವಿಷ ತಿಂದು ಹುಚ್ಚೆದ್ದ ವ್ಯಾಪಾರಿಯ ಚಿತ್ರವನ್ನು ಸ್ವಲ್ಪ ತಿದ್ದಬೇಕು. ಮೇಬ್ರಿಕ್ ವ್ಯಾಪಾರಕ್ಕಾಗಿ ವರ್ಜೀನಿಯಾದ ನಾರ್ಫೋಕ್‌ನಲ್ಲಿದ್ದಾಗ, 1877ರಲ್ಲಿ ಮಲೇರಿಯಾ ಬಂತು. ಅದಕ್ಕೆ ಕೊಟ್ಟ ಔಷಧಿಯಲ್ಲಿ ಆರ್ಸೆನಿಕ್ ಮತ್ತು ಸ್ಟ್ರಿಕ್ನಿನ್ ಇದ್ದವು, ಆಮೇಲೆ ಚಟವಾಯಿತು. ಆ ಕಾಲದಲ್ಲಿ ಇದು ವಿಚಿತ್ರವಲ್ಲ. ಫೌಲರ್ ದ್ರಾವಣ ಎಂಬ, ಸುಮಾರು ಶೇಕಡಾ 1ರ ಆರ್ಸೆನಿಕ್ ಔಷಧವನ್ನು ವೈದ್ಯರೇ ಹನಿ ಲೆಕ್ಕದಲ್ಲಿ ಬರೆದುಕೊಡುತ್ತಿದ್ದರು. ದೀರ್ಘಕಾಲ ಸೇವಿಸಿದರೆ ಹೊಟ್ಟೆನೋವು, ಚರ್ಮದ ಬದಲಾವಣೆ, ಕೈಕಾಲು ಮರಗಟ್ಟುವುದು ಬರುತ್ತವೆ. ಮೇಬ್ರಿಕ್ ಕೈಕಾಲು ಜೋಮು ಹಿಡಿಯುತ್ತದೆ ಎಂದು ದೂರುತ್ತಿದ್ದವನು. ಕತ್ತಲಲ್ಲಿ ಕೆಲವೇ ನಿಮಿಷಗಳಲ್ಲಿ ಚಾಕು ಆಡಿಸಿದ ಕೈಗೆ ಇದು ಹೊಂದುವ ಲಕ್ಷಣವಲ್ಲ. ಇದರಿಂದ ಅವನು ನಿರಪರಾಧಿ ಎಂದಾಗುವುದಿಲ್ಲ. ವಿಷವೇ ಕೊಲೆಗೆ ಕಾರಣ ಎಂಬ ವಿವರಣೆಗೆ ವೈದ್ಯಕೀಯ ಬಲ ಇಲ್ಲ ಎಂದಷ್ಟೇ.

ಈ ಡೈರಿಯಿಂದ ಮರೆಯಾಗುವುದು, ಗಂಡನಿಗೆ ವಿಷವಿಟ್ಟು ಕೊಂದಳೆಂದು ಶಿಕ್ಷೆಯಾದ ಅವನ ಹೆಂಡತಿ ಫ್ಲಾರೆನ್ಸ್ ಮೇಬ್ರಿಕ್‌ಳ ಪ್ರಕರಣ, ಅದು ನನಗೆ ಹೆಚ್ಚು ಮುಖ್ಯ. ಅಲಬಾಮಾದ ಮೊಬೀಲ್‌ನಲ್ಲಿ ಹುಟ್ಟಿದವಳು. 1881ರ ಜುಲೈ 27ರಂದು ಮದುವೆಯಾದಾಗ ಗಂಡನಿಗಿಂತ ಎರಡು ದಶಕಕ್ಕೂ ಹೆಚ್ಚು ಚಿಕ್ಕವಳು. 1889ರ ಏಪ್ರಿಲ್‌ನಲ್ಲಿ ಆಕೆ ಕೊಂಡ, ನೊಣ ಕೊಲ್ಲಲು ಆರ್ಸೆನಿಕ್ ಸವರಿದ ಕಾಗದಗಳನ್ನು ಬೋಗುಣಿಯಲ್ಲಿ ನೆನೆಹಾಕಿದ್ದನ್ನು ಮನೆಯ ಆಳುಗಳು ನೋಡಿದರು. ಮುಖಕ್ಕೆ ಹಚ್ಚುವ ದ್ರವಕ್ಕೆ ಎಂದಳು. ಆಗ ಅಂಥ ಲೇಪಗಳ ಬಳಕೆ ಇತ್ತು. ಮೇ 8ರಂದು ಆಕೆ ಪ್ರಿಯಕರ ಬ್ರೈರ್ಲಿಗೆ ಬರೆದ ಪತ್ರವನ್ನು ದಾದಿ ಒಡೆದು ಓದಿದಳು, ಅಲ್ಲಿಂದ ಮನೆಯವರ ಅನುಮಾನ ಗಟ್ಟಿಯಾಯಿತು. ಮಾಂಸರಸದ ಬಾಟಲಿಯೊಂದರಲ್ಲಿ ಸುಮಾರು ಅರ್ಧ ಗ್ರೇನ್ ಆರ್ಸೆನಿಕ್ ಸಿಕ್ಕಿತು. ಗಂಡನೇ ಬೇಡಿಕೊಂಡಿದ್ದರಿಂದ ಪುಡಿ ಹಾಕಿದೆ ಎಂದಳು. ಆ ಬಾಟಲಿಯಿಂದ ಅವನಿಗೆ ಕುಡಿಸಲೇ ಇಲ್ಲ.

ಮನುಷ್ಯನನ್ನು ಕೊಲ್ಲಲು ಸುಮಾರು 2 ಗ್ರೇನ್, ಅಂದರೆ 130 ಮಿಲಿಗ್ರಾಂ ಸಾಕು ಎಂದು ಆಗ ಲೆಕ್ಕ ಹಾಕುತ್ತಿದ್ದರು. ಹೊಟ್ಟೆಯಲ್ಲಿ ಆರ್ಸೆನಿಕ್ ಸಿಗಲಿಲ್ಲ, ಯಕೃತ್ತು ಮತ್ತು ಕರುಳಿನಲ್ಲಿ ಅಲ್ಪ ಸಿಕ್ಕಿತು. ವರ್ಷಗಟ್ಟಲೆ ತಿಂದವನ ದೇಹದಲ್ಲಿ ಅಷ್ಟು ಇರುವುದು ಆಶ್ಚರ್ಯವಲ್ಲ, ಮತ್ತು ಆಗಿನ ಪರೀಕ್ಷೆಗೆ ಹೊಸ ವಿಷವನ್ನೂ ಹಳೆಯದನ್ನೂ ಬೇರ್ಪಡಿಸುವ ಶಕ್ತಿ ಇರಲಿಲ್ಲ. ಆಮ್ಲದಲ್ಲಿ ಕುದಿಸಿ ತಾಮ್ರದ ಪಟ್ಟಿ ಅದ್ದುವ ರೈನ್ಶ್ ಪರೀಕ್ಷೆ ಆರ್ಸೆನಿಕ್ ಇದೆಯೇ ಎಂದು ಹೇಳುತ್ತದೆ. ಎಂದು ತಿಂದದ್ದು, ಯಾರು ಕೊಟ್ಟದ್ದು ಎಂದು ಹೇಳುವುದಿಲ್ಲ. ಸಾಕ್ಷಿ ಹೇಳಿದ ತಜ್ಞರಲ್ಲೇ, ಸಾವು ಆರ್ಸೆನಿಕ್‌ನಿಂದ ಎಂಬವರೂ ಅಲ್ಲ ಎಂಬವರೂ ಇದ್ದರು.

ಆದರೂ ಲಿವರ್‌ಪೂಲ್‌ನ ಸೇಂಟ್ ಜಾರ್ಜ್ ಹಾಲ್‌ನಲ್ಲಿ ನ್ಯಾಯಮೂರ್ತಿ ಫಿಟ್ಸ್‌ಜೇಮ್ಸ್ ಸ್ಟೀಫನ್ ಮುಂದೆ ನಡೆದ ವಿಚಾರಣೆ ಆಗಸ್ಟ್ 7ರಂದು ಮರಣದಂಡನೆಯಲ್ಲಿ ಮುಗಿಯಿತು. ಆರೋಪಿ ತನ್ನ ಪರವಾಗಿ ಪ್ರಮಾಣ ಮಾಡಿ ಸಾಕ್ಷಿ ನುಡಿಯುವ ಹಕ್ಕು ಬಂದದ್ದು 1898ರಲ್ಲಿ, ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಬಂದದ್ದು 1907ರ ಕಾಯ್ದೆಯಿಂದ. ಎರಡೂ ಆಕೆಗೆ ಸಿಗಲಿಲ್ಲ. ಶಿಕ್ಷೆ ಜೀವಾವಧಿಗೆ ಇಳಿದು, 1904ರಲ್ಲಿ ಬಿಡುಗಡೆಯಾಯಿತು. ಡೈರಿಯ ಕಥೆಯಲ್ಲಿ ಆಕೆ ಕೊಲೆಗಾರನ ಕೋಪಕ್ಕೆ ನೆಪವಾದ ಹೆಂಡತಿ ಮಾತ್ರ. ದಾಖಲೆಗಳಲ್ಲಿ ಆಕೆ ತೀರಾ ದುರ್ಬಲ ಪುರಾವೆಯ ಮೇಲೆ ಸುಮಾರು 15 ವರ್ಷ ಸೆರೆಯಲ್ಲಿದ್ದವಳು.

---

ಹಳೇಕಡತ:

ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಡೈರಿ ಬಿದ್ದುಹೋದರೆ, ಆ ರಾತ್ರಿಗಳಲ್ಲಿ ಮೇಬ್ರಿಕ್ ಎಲ್ಲಿದ್ದ ಎಂಬುದಕ್ಕೆ ಬೇರೆ ಏನಾದರೂ ಆಧಾರ?

---

ದಾಖಲೆದಾರ:

ಅವನನ್ನು ವೈಟ್‌ಚಾಪೆಲ್‌ನಲ್ಲಿ ನಿಲ್ಲಿಸುವ ದಾಖಲೆ ಇಲ್ಲ. ಕೊಲೆಯಾದ ದಿನಗಳು ಆಗಸ್ಟ್ 31 ಶುಕ್ರವಾರ, ಸೆಪ್ಟೆಂಬರ್ 8 ಶನಿವಾರ, ಸೆಪ್ಟೆಂಬರ್ 30 ಭಾನುವಾರ, ನವೆಂಬರ್ 9 ಶುಕ್ರವಾರ. ಲಿವರ್‌ಪೂಲ್‌ನ ಲೈಮ್ ಸ್ಟ್ರೀಟ್ ನಿಲ್ದಾಣದಿಂದ ಲಂಡನ್ನಿನ ಯೂಸ್ಟನ್‌ಗೆ ರೈಲಿನಲ್ಲಿ ಸುಮಾರು 5 ಗಂಟೆ. ಹಾಗಾಗಿ ವಾರಾಂತ್ಯದಲ್ಲಿ ಬಂದುಹೋಗುವುದು ಸಾಧ್ಯವಿತ್ತು. ಆ ಸಾಧ್ಯತೆ ಲಿವರ್‌ಪೂಲ್‌ನ ಸಾವಿರಾರು ಗಂಡಸರಿಗೂ ಇತ್ತು. ಎರಡು ಕೊಲೆ ಶುಕ್ರವಾರ ಬೆಳಕು ಹರಿಯುವ ಮೊದಲಿನವು, ಅಂದರೆ ಗುರುವಾರವೇ ಊರು ಬಿಡಬೇಕು. ಟೈಥ್‌ಬಾರ್ನ್ ಬೀದಿಯ ನೋಸ್ಲಿ ಬಿಲ್ಡಿಂಗ್ಸ್‌ನಲ್ಲಿದ್ದ ಅವನ ಕಚೇರಿಯ ಹಾಜರಿ ಅಥವಾ ಆ ಗುರುವಾರಗಳ ಹತ್ತಿ ವಹಿವಾಟಿನ ಕಾಗದ ಎಲ್ಲಾದರೂ ಸಿಕ್ಕರೆ ಹುಡುಕಬೇಕಾದದ್ದು ಅದನ್ನು.

ಸಾಕ್ಷಿಗಳ ಮಾತೂ ನೆರವಾಗುವುದಿಲ್ಲ. ಮೈಟರ್ ಚೌಕದ ಬಳಿ ಎಡೋಸ್ ಜೊತೆ ಒಬ್ಬನನ್ನು ನೋಡಿದ ಜೋಸೆಫ್ ಲಾವೆಂಡೆ, ಆತನಿಗೆ ಸುಮಾರು 30 ವರ್ಷ ಎಂದ. ಹ್ಯಾನ್‌ಬರಿ ಬೀದಿಯಲ್ಲಿ ಚಾಪ್ಮನ್ ಜೊತೆ ಒಬ್ಬನನ್ನು ಕಂಡ ಎಲಿಜಬೆತ್ ಲಾಂಗ್, 40 ದಾಟಿದವನು ಎಂದಳು, ಆದರೆ ಆಕೆ ಅವನ ಮುಖ ನೋಡಿರಲಿಲ್ಲ. 1838ರ ಅಕ್ಟೋಬರ್ 24ರಂದು ಹುಟ್ಟಿದ ಮೇಬ್ರಿಕ್‌ಗೆ ಕೆಲ್ಲಿ ಸಾಯುವ ಹೊತ್ತಿಗೆ 50 ತುಂಬಿ ಎರಡು ವಾರ ಕಳೆದಿತ್ತು.